ಹದಿನೆಂಟು ಗುಂಟೆ

ನಾನು ಬರೆದಿದ್ದು ಬಹಳ ಸಣ್ಣ ಸಾಫ್ಟ್‌ವೇರ್ ಪ್ಯಾಕೇಜು. ನಮ್ಮ ಕಡೆ 1.20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ಚುಕ್ಕಿಯ ಆಚೆ ಎಕರೆ, ಈಚೆ ಗುಂಟೆ, ಅಷ್ಟೇ. ಆ ಅಂಕಿಯನ್ನು ಜಮೀನಿನ ಪತ್ರಗಳಿಗೆ ಬೇಕಾದಂತೆ ಅಕ್ಷರದಲ್ಲಿ ಬರೆದುಕೊಡುವುದು ಅದರ ಕೆಲಸ. ಮತ್ತಿಕೆರೆಯ ಬಾಡಿಗೆ ರೂಮಿನಲ್ಲಿ ಭಾನುವಾರಗಳನ್ನು ಹಾಳುಮಾಡಿಕೊಂಡು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಹಾಕಿದ್ದೆ. ಯಲಹಂಕದ ಪತ್ರ ಬರಹಗಾರರೊಬ್ಬರು ದಿನವೂ ಬಳಸುತ್ತಿದ್ದರು.

ಅಂಕಿಗಳ ಪಟ್ಟಿ ಓದುವುದಕ್ಕೆ ನನ್ನ ಪ್ಯಾಕೇಜು ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ದೊಡ್ಡ ಲೈಬ್ರರಿಯೊಂದನ್ನು ನೆಚ್ಚಿಕೊಂಡಿತ್ತು. ಒಂದು ದಿನ ಅದನ್ನು ನೋಡಿಕೊಳ್ಳುವವರಿಂದ ಮೇಲ್ ಬಂತು. ಇನ್ನು ಮುಂದೆ ಸಂಖ್ಯೆಯಂತೆ ಕಾಣುವುದನ್ನೆಲ್ಲ ಲೈಬ್ರರಿ ತಾನಾಗಿಯೇ ಸಂಖ್ಯೆ ಎಂದು ತೆಗೆದುಕೊಳ್ಳುತ್ತದೆ, ಬಳಸುವವರ ಅನುಕೂಲಕ್ಕಾಗಿ. ನಿಮ್ಮ ನಿಮ್ಮ ಪ್ಯಾಕೇಜು ಪರೀಕ್ಷಿಸಿಕೊಳ್ಳಿ. ಯಾರ ಅನುಕೂಲವೋ ದೇವರೇ ಬಲ್ಲ. ಬೈದುಕೊಂಡೇ ಪರೀಕ್ಷೆ ಓಡಿಸಿದೆ. 1.15, 2.05, 3.39, ಎಲ್ಲ ಸರಿ ಬಂದವು. ತೊಂದರೆಯಿಲ್ಲ ಎಂದು ಉತ್ತರ ಬರೆದು, ಪತ್ರ ಬರಹಗಾರರ ಕಂಪ್ಯೂಟರಿಗೂ ಹೊಸದನ್ನು ಹಾಕಿಬಂದೆ.

ಸೊನ್ನೆಯಲ್ಲಿ ಮುಗಿಯುವ ಒಂದು ಅಂಕಿಯನ್ನೂ ನಾನು ಪರೀಕ್ಷೆಗೆ ಇಟ್ಟಿರಲಿಲ್ಲ. ಸಂಖ್ಯೆಗೆ ಕೊನೆಯ ಸೊನ್ನೆ ಲೆಕ್ಕಕ್ಕಿಲ್ಲ, 1.20 ಅದರ ಪಾಲಿಗೆ 1.2. ನನ್ನ ಪ್ಯಾಕೇಜು ಅದನ್ನು ಒಂದು ಎಕರೆ ಎರಡು ಗುಂಟೆ ಎಂದು ಬರೆಯಿತು.

ಆ ವಾರವೇ ಬಾಗಲೂರಿನ ಇಬ್ಬರು ಅಣ್ಣಂದಿರು ಮತ್ತು ಅವರ ತಂಗಿ ಪಾಲುಪಟ್ಟಿ ಮಾಡಿಸಲು ಪತ್ರ ಬರಹಗಾರರ ಬಳಿ ಬಂದಿದ್ದರು. ವರ್ಷಗಟ್ಟಲೆ ಮಾತು ಬಿಟ್ಟಿದ್ದವರು ಅಂತೂ ಒಪ್ಪಂದಕ್ಕೆ ಬಂದಿದ್ದರು: ಅಣ್ಣಂದಿರಿಗೆ 1.25ರಂತೆ, ತಂಗಿಗೆ 1.20. ಕರಡು ಓದುವಾಗ ತನ್ನ ಭಾಗ ಕೇಳಿಸಿಕೊಂಡ ಆಕೆ ಎದ್ದು ಹೋದರಂತೆ.

ಪತ್ರ ಬರಹಗಾರರು ಫೋನ್ ಮಾಡಿದರು. "ಏನ್ ಸರ್ ಇದು, ಹದಿನೆಂಟು ಗುಂಟೆ ನುಂಗಿ ಹಾಕ್ಬಿಟ್ಟಿದೆ ನಿಮ್ದು. ನಾನ್ ಹೇಳಿದ್ರೆ ಆಯಮ್ಮ ನಂಬ್ತಿಲ್ಲ. ನೀವೇ ಹೋಗಿ ಹೇಳ್ಬೇಕು."

ಪ್ಯಾಕೇಜಿನಲ್ಲಿ ತಿದ್ದಿದ್ದು ಒಂದೇ ಸಾಲು. ಲೈಬ್ರರಿಯವರಿಗೆ ಬರೆದರೆ, ಬೇಕೆಂದೇ ಹಾಗೆ ಮಾಡಿದ್ದು, ಮೊದಲೇ ತಿಳಿಸಿದ್ದೆವಲ್ಲ ಎಂದರು. ಮೈಯೆಲ್ಲ ಉರಿದುಹೋಯಿತು. ಉರಿದು ಏನು ಮಾಡುವುದು, ತೊಂದರೆಯಿಲ್ಲ ಎಂದು ಬರೆದುಕೊಟ್ಟವನು ನಾನೇ.

ಸರಿಯಾದ ಪ್ರತಿ ಹಿಡಿದು ಮರುದಿನ ಬಾಗಲೂರಿಗೆ ಹೋದೆ. ಆಕೆ ಕೂರಿಸಿ ನೀರು ಕೊಟ್ಟರು. ತಪ್ಪು ಕಂಪ್ಯೂಟರಿನದು, ನಿಮ್ಮ ಅಣ್ಣಂದಿರದಲ್ಲ ಎಂದು ಮೂರು ಬಗೆಯಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಹೊಸ ಕಾಗದವನ್ನು ಮಾತ್ರ ಮುಟ್ಟಲಿಲ್ಲ.

"ಕಂಪೂಟ್ರು ತಪ್ಪು ಮಾಡ್ತದೆ, ಒಪ್ಕೋತೀನಿ ಕಣಪ್ಪ. ಅಣ್ಣಂದ್ರ ಗುಂಟೆ ಇಬ್ರುದೂ ಇದ್ದಂಗೇ ಅವೆ. ನಂದು ಮಾತ್ರ ಯಾಕ್ ಇಂಗಾಯ್ತು?"