ತೊಗಲು ಬಿಗಿದ ತಾರೀಕು

ಅಪ್ಪನ ಸೈಡ್ ಡ್ರಮ್ಮನ್ನು ಪುಲ್ಪಳ್ಳಿಯ ವಾದ್ಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದದ್ದು ಅದು ಎಷ್ಟು ಹಳೆಯದೆಂದು ತಿಳಿಯಲು. ಅಪ್ಪ ತೀರಿಕೊಂಡು ಎರಡು ವರ್ಷ. ಮಲಯಾಳ ಸೀಮೆಯ ನಮ್ಮೂರು ಕೊಳವಳ್ಳಿಯಲ್ಲಿ ಮೆಣಸು ಬೆಳೆಯುತ್ತಿದ್ದ ಅವನು ಹಬ್ಬದ ದಿನಗಳಲ್ಲಿ ಮುಳ್ಳನ್ಕೊಲ್ಲಿಯ ಬ್ಯಾಂಡ್ ಸೆಟ್ಟಿನವರ ಜೊತೆ ಚರ್ಚಿನ ಮೆರವಣಿಗೆಯಲ್ಲಿ ಇದನ್ನು ಸೊಂಟಕ್ಕೆ ಕಟ್ಟಿ ಕೋಲಿನಲ್ಲಿ ಬಾರಿಸುತ್ತಿದ್ದ. "ಬಿಳೀ ಸೋಲ್ಜರ್‌ಗಳ ಕಾಲದ್ದು" ಎಂದು ಜಂಬ ಕೊಚ್ಚುತ್ತಿದ್ದ. ಅವನ ಜಂಬಗಳಲ್ಲಿ ಅದೊಂದಾದರೂ ನಿಜವಾಗಲಿ ಎಂದು ನನಗೆ ಆಸೆ.

ಇನ್ನೊಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಬಂತು. ನನ್ನ ಮದುವೆಗೆ ಮೂರು ದಿನ ಇದ್ದಾಗ ನಾನು ಅಪ್ಪನಿಗೆ, "ಗಂಡಿನ ಕಡೆಯೋರ ಮುಂದೆ ಕೋಲು ಹಿಡ್ಕಂಡು ನಿಂತ್ಕಬ್ಯಾಡ, ನನ್ ಮಾನ ಹೋಯ್ತದೆ" ಎಂದಿದ್ದೆ. ನನ್ನ ನಾಲಿಗೆ ಆಗಲೂ ಹೀಗೇ, ಹಿಡಿತವಿಲ್ಲದ್ದು. ಅಪ್ಪ ನಕ್ಕ. "ಬಾರ್ಸದೆಲ್ಲಿ ಬಂತು ಕಣವ್ವ, ಅದ್ರ ತೊಗಲೇ ಹರ್ದೋಗದೆ" ಎಂದ. ಸದ್ಯ, ಬದುಕಿದೆ ಅನ್ನಿಸಿತು. ಆಮೇಲೆ ಅವನು ಕೋಲು ಮುಟ್ಟಲೇ ಇಲ್ಲ, ಡ್ರಮ್ಮು ಗೋಣಿಚೀಲದೊಳಗೆ ಅಟ್ಟ ಸೇರಿತು. ಅಪ್ಪ ಬಾರಿಸುವುದು ಬಿಟ್ಟದ್ದು ನನ್ನ ಮಾತಿಗಲ್ಲ, ತೊಗಲು ಹರಿದದ್ದಕ್ಕೆ ಎಂದುಕೊಂಡೇ ಇಷ್ಟು ವರ್ಷ ನೆಮ್ಮದಿಯಾಗಿ ಉಂಡೆ, ಮಲಗಿದೆ.

ಚೀಲದ ಬಾಯಿ ನಾನೂ ಬಿಚ್ಚಿರಲಿಲ್ಲ. ರಿಪೇರಿಯವನು ಬಿಚ್ಚಿದ. ತೊಗಲು ಇಡಿಯಾಗಿತ್ತು. ಆಮೇಲೆ ಯಾವಾಗಲೋ ಹಾಕಿಸಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವನು ಮಲಯಾಳಿ, ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಡ್ರಮ್ಮನ್ನು ತಿರುಗಿಸಿ ತಿರುಗಿಸಿ ನೋಡಿದ. "ಚೇಚೀ, ಹಿತ್ತಾಳೆ ತುಂಬಾ ಪಳೇದು. ಬೆಸುಗೆ ಕೈಯಲ್ಲಿ ಮಾಡಿದ್ದು, ಕೆಳಗೆ ಕರುಳಿನ ತಂತಿ. ಸ್ಕ್ರೂ ಮಾತ್ರ ಆಮೇಲೆ ಹಾಕಿದ್ದು. ಸೋಲ್ಜರ್ ಮುದ್ರೆ ಎಲ್ಲೂ ಇಲ್ಲ." ಮತ್ತೆ ಮೇಲ್ಗಡೆ ಬೆರಳಾಡಿಸಿ, "ಈ ತೊಗಲಿಗೆ ಒಂದು ಏಟೂ ಬಿದ್ದಿಲ್ಲ. ಬಿದ್ದಿದ್ರೆ ನಡುವೆ ಕಪ್ಪಾಗ್ತಿತ್ತು" ಎಂದ.

"ಯಾವಾಗ ಹಾಕಿದ್ದು?" ಎಂದೆ. ಸೋಲ್ಜರ್‌ಗಳು ಹಾಳಾಗಿ ಹೋಗಲಿ, ನನಗೀಗ ಬೇಕಾದದ್ದು ಇದೊಂದೇ.

ತೊಗಲು ಬಿಗಿದಿದ್ದ ಬಳೆ ಸಡಿಲಿಸಿ ಅದನ್ನು ತೆಗೆದು ಒಳಗೆ ಟಾರ್ಚು ಬಿಟ್ಟ. ಹಿತ್ತಾಳೆಗೆ ಅಂಟಿಸಿದ ಕಾಗದದ ಮೇಲೆ ಪೆನ್ಸಿಲ್ಲಿನ ಸಾಲುಗಳಿದ್ದವು. "ಇದೆಂತಾ, ನಿಮ್ಮ ಜಿಲೇಬಿ ಅಕ್ಷರವಾ?" ಎಂದು ನಕ್ಕ. ಕನ್ನಡದ ಅಂಕಿಗಳು. ನಮ್ಮ ಶಾಲೆಯಲ್ಲಿ ಮಲಯಾಳವೇ ಇದ್ದದ್ದು, ಇವನ್ನು ಅಪ್ಪನೇ ಜಗಲಿಯಲ್ಲಿ ಕೂರಿಸಿ ನನಗೆ ಕಲಿಸಿದ್ದ. ತೊಗಲು ಬದಲಿಸಿದಾಗೆಲ್ಲ ತಾರೀಕು ಬರೆದಿಟ್ಟಿದ್ದಾನೆ. ಮೇಲಿನವು ಮಾಸಿದ್ದವು, ಕೊನೆಯದು ಚೆನ್ನಾಗಿ ಕಾಣುತ್ತಿತ್ತು. ನನ್ನ ಮದುವೆಗೆ ಎಂಟು ದಿನ ಮುಂಚಿನದು.

ಎರಡು ಸಲ ಓದಿದೆ, ಬೆರಳು ಮಡಿಚಿ ಎಣಿಸಿದೆ. ನಾನು ಬೇಡವೆಂದಾಗ ಹೊಸ ತೊಗಲು ಬಿಗಿದು ಐದು ದಿನವಾಗಿತ್ತು. ಅಯ್ಯೋ ಅಪ್ಪಾ, ನನ್ನ ಮುಖ ನೋಡಿ ನಕ್ಕುಕೊಂಡೇ ಸುಳ್ಳು ಹೇಳಿದೆಯಲ್ಲೋ.

ರಿಪೇರಿಯವನು ಎಲ್ಲ ಮೊದಲಿನಂತೆ ಬಿಗಿದು ಕೋಲು ಕೈಗೆತ್ತಿಕೊಂಡ. "ಒಂದು ತಟ್ಟಿ ನೋಡ್ಲಾ? ಸೌಂಡು ಕೇಳಿದ್ರೆ ವಯಸ್ಸು ಸರಿಯಾಗಿ ಹೇಳ್ಬೋದು."

"ಮುಟ್ಬ್ಯಾಡ!" ಎಂದು ಕಿರುಚಿದೆ. ಪಾಪ, ಬೆಚ್ಚಿಬಿದ್ದು ಕೋಲು ಕೆಳಗಿಟ್ಟ. ಅದರ ಮೇಲೆ ಬೀಳಬೇಕಾಗಿದ್ದ ಮೊದಲ ಏಟು ನನ್ನ ಮದುವೆಯದು, ಅದನ್ನು ತಡೆದವಳು ನಾನೇ ಎಂದು ಅವನಿಗೆ ಯಾವ ಭಾಷೆಯಲ್ಲೂ ಹೇಳಲಾಗಲಿಲ್ಲ.