ಇಲಿಯ ರಕ್ತ, ಅಕ್ಕನ ರಕ್ತ

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಹೊಸ ಔಷಧಿ ತಿಂದ ಇಲಿಗಳ ರಕ್ತದಿಂದ, ಲಿವರ್ ಕೆಟ್ಟರೆ ಏರುವ ಪಿತ್ತಾಮ್ಲವನ್ನು ಬೇರ್ಪಡಿಸುವುದು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಸೀರಮ್ಮಿಗೆ ತಣ್ಣಗಿನ ಮೆಥನಾಲ್ ಬೆರೆಸಿದರೆ, ನಿಂಬೆರಸ ಬಿದ್ದ ಹಾಲಿನಂತೆ ಪ್ರೋಟೀನು ಒಡೆಯುತ್ತದೆ. ಅದನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ, ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ತೆಗೆದು, ನೈಟ್ರೋಜನ್ ಗಾಳಿಯಲ್ಲಿ ಆರಿಸಿ, ಮತ್ತೆ ಕರಗಿಸಿ ಅಳೆಯಬೇಕು. ಮನೆಯಲ್ಲಿ ನನ್ನನ್ನು ಇಲಿ ಡಾಕ್ಟರು ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಒಂಬತ್ತನೇ ತಿಂಗಳ ಸೀಮಂತ ಮುಗಿಸಿಕೊಂಡು ಅಕ್ಕ ಹೆರಿಗೆಗೆಂದು ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ನಮ್ಮ ಮನೆಗೆ ಬಂದಳು. ಅಂಗೈ ಅಂಗಾಲಿನ ತುಂಬ ಮೆಹಂದಿ. ಬಂದ ಕೂಡಲೇ ಅಲ್ಲೆಲ್ಲ ತುರಿಕೆ ಶುರುವಾಯಿತು. ಅಂಗಡಿಯ ಕೋನ್ ಹಾಕಿಸಿದ್ದೇ ತಪ್ಪು, ಗೋರಂಟಿ ಸೊಪ್ಪು ಅರೆದು ಹಚ್ಚಬೇಕಿತ್ತು ಎಂದು ಅಮ್ಮ ಬೀಗರನ್ನೆಲ್ಲ ಬೈದು ಹರಳೆಣ್ಣೆ ಸವರಿದಳು. ಚರ್ಮದ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಬಸುರಿಯರ ರಕ್ತದಲ್ಲಿ ಪಿತ್ತಾಮ್ಲ ಏರಿದರೂ ಹೀಗೇ ತುರಿಸುತ್ತದೆ, ಮಗುವಿಗೆ ಅಪಾಯ ಎಂದೆ. ಇಲಿ ಡಾಕ್ಟರ ಮಾತು ಯಾರು ಕೇಳುತ್ತಾರೆ? ಬಣ್ಣ ಹೋದರೆ ತುರಿಕೆಯೂ ಹೋಗುತ್ತದೆಂದು ಎಲ್ಲರೂ ಮೆಹಂದಿ ಮಾಸುವುದನ್ನೇ ಕಾಯುತ್ತ ಕೂತರು.

ಕೊನೆಗೆ ಜಗಳವಾಡಿ ಡಾಕ್ಟರ ಹತ್ತಿರ ಕರೆದೊಯ್ದೆ. ಅವರದೂ ನನ್ನದೇ ಅನುಮಾನ. ಮಾತ್ರೆ ಬರೆದುಕೊಟ್ಟು, ಪಿತ್ತಾಮ್ಲ ಬಹಳ ಹೆಚ್ಚಿದ್ದರೆ ಬೇಗನೆ ಹೆರಿಗೆ ಮಾಡಿಸಬೇಕು, ಎಷ್ಟಿದೆ ನೋಡಿಕೊಂಡು ಹೇಳುತ್ತೇನೆ ಎಂದರು. ರಕ್ತ ಬೆಂಗಳೂರಿಗೆ ಹೋಗಬೇಕಿತ್ತು. ನಡುವೆ ಹಬ್ಬದ ರಜೆ ಬೇರೆ, ರಿಪೋರ್ಟು ಬರಲು ಐದು ದಿನ ಎಂದರು.

ಅಕ್ಕನ ರಕ್ತದ ಒಂದು ಟ್ಯೂಬು ನಮ್ಮ ಲ್ಯಾಬಿನಲ್ಲೇ ನೋಡೋಣವೇ ಎಂದು ನಮ್ಮ ಮೇಲಧಿಕಾರಿಯನ್ನು ಕೇಳಿದೆ. ಕೆಟ್ಟ ಮನುಷ್ಯರಲ್ಲ ಅವರು. "ನಮ್ಮ ವಿಧಾನ ಇಲಿ ರಕ್ತಕ್ಕೆ ಮಾತ್ರ ಸಾಬೀತಾಗಿರೋದಮ್ಮ. ಇಲ್ಲಿ ಬಂದ ಅಂಕಿ ನಂಬಿ ಯಾವ ಡಾಕ್ಟ್ರು ಹೆರಿಗೆ ಮಾಡಿಸ್ತಾರೆ?" ಎಂದರು. ಅವರು ಹೇಳಿದ್ದು ಸರಿಯೇ. ಅದಕ್ಕೇ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಂದು ಮಧ್ಯಾಹ್ನವೆಲ್ಲ ಇಲಿಗಳ ತಿಳಿ ತೆಗೆಯುತ್ತ ಕೂತಿದ್ದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ರಿಪೋರ್ಟು ಬರುವ ಹಿಂದಿನ ದಿನ ಹೊಟ್ಟೆಯಲ್ಲಿ ಮಗು ಅಲುಗಾಡುವುದು ನಿಂತಿತು. ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಆ ಅಂಕಿ ನೋಡಿದೆ. ಬಹಳ ಹೆಚ್ಚಿತ್ತು. ಇನ್ನು ಅದನ್ನು ಯಾರಿಗೆ ತೋರಿಸಬೇಕು?

ಬರಿಗೈಯಲ್ಲಿ ಮನೆಗೆ ಬಂದ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ತುರಿಕೆ ಹೋಗಿತ್ತು. ಅಂಗಾಲಿನಲ್ಲಿ ಮೆಹಂದಿಯ ಬಣ್ಣ ಇನ್ನೂ ಇತ್ತು. ನಾನು ಪಕ್ಕದಲ್ಲಿ ಕೂತೆ. ತಿರುಗದೆಯೇ ಕೇಳಿದಳು.

"ನಿನ್ ಇಲಿಗಳ್ದು ರಿಪೋರ್ಟು ಎಷ್ಟ್ ದಿನಕ್ಕೆ ಬರುತ್ತೆ?"

"ಅವತ್ತೇ ಸಾಯಂಕಾಲ ಬರುತ್ತೆ ಕಣಕ್ಕ," ಎಂದೆ.