ಸ್ಟೇಷನ್ ಗುರುಶಾಂತಪ್ಪನವರು

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಗುರುಶಾಂತಪ್ಪನವರು ಯಾವ ಊರಿಗೆ ಹೋದರೂ ಮೊದಲು ನೋಡುವುದು ಅಲ್ಲಿಯ ರೈಲ್ವೆ ಸ್ಟೇಷನ್ನನ್ನು. ದೇವರ ದರ್ಶನವೂ ಆಮೇಲೆಯೇ. ಒಂದು ಹಿಡಿ ಕಡಲೆಕಾಯಿ ಕೈಯಲ್ಲಿ ಅಲ್ಲಾಡಿಸಿ ಇಡೀ ಚೀಲಕ್ಕೆ ಬೆಲೆ ಕಟ್ಟುವ ಈ ಮನುಷ್ಯ, ಸ್ಟೇಷನ್ನಿನ ನಲ್ಲಿ ನೀರು ಕುಡಿದು ಬಾಯಿ ಚಪ್ಪರಿಸುತ್ತಾರೆ, ಕಲ್ಲುಬೆಂಚಿನ ಮೇಲೆ ಒಂದು ಸಣ್ಣ ನಿದ್ದೆ ತೆಗೆದು ಬೆನ್ನಿನ ಅಭಿಪ್ರಾಯ ಕೇಳುತ್ತಾರೆ. ಈ ವರ್ಷ ಹೆಂಡತಿ ಅನ್ನಪೂರ್ಣಮ್ಮ ಸಮುದ್ರ ನೋಡಲೇಬೇಕೆಂದು ಹಟ ಹಿಡಿದು ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋದರೆ, ಇವರು ಸ್ಟೇಷನ್ ಮುಂದಿನ ಬಾದಾಮಿ ಮರದ ನೆರಳು ಬಿಟ್ಟು ಮಧ್ಯಾಹ್ನದವರೆಗೂ ಕದಲಲಿಲ್ಲ. "ಸಮುದ್ರ ಇಲ್ಲೇ ಐತಂತೆ, ನಡೀರಿ" ಎಂದು ಆಕೆ ಗೋಗರೆದರೆ, "ಸಮುದ್ರ ಎಲ್ಲಿಗೂ ಹೋಗಲ್ಲ ಬಿಡೇ, ರೈಲು ಹೋಗ್ತೈತೆ" ಎಂಬ ಉತ್ತರ. ಊರಿಗೆ ಬಂದು ಮಿಲ್ಲಿನವರಿಗೆ ಹೇಳಿದ್ದೂ ಅಷ್ಟೇ: "ಸಮುದ್ರ ಬರೀ ಉಪ್ಪು ಕಣ್ರಲೇ, ಸ್ಟೇಷನ್ ಮಾತ್ರ ಒಂದನೇ ನಂಬರ್ ಮಾಲು!" ಚಳ್ಳಕೆರೆ ಸ್ಟೇಷನ್ನಿನಲ್ಲಿ ಈಗ ರೈಲೇ ಇಲ್ಲ, ಅಗಲದ ಹಳಿ ಹಾಕಲೆಂದು ಹಳೆಯದನ್ನು ಕಿತ್ತಿದ್ದಾರೆ, ಪ್ಲಾಟ್‌ಫಾರಂ ಮೇಲೆ ಮೇಕೆಗಳು ಮಲಗುತ್ತವೆ. ಗುರುಶಾಂತಪ್ಪನವರು ವಿಶಾಖಪಟ್ಟಣದ ಆ ಬಾದಾಮಿ ಮರದಡಿ ಆಯ್ದು ತಂದ ಬೀಜವನ್ನು ಈ ಪ್ಲಾಟ್‌ಫಾರಂ ಪಕ್ಕದಲ್ಲಿ ಊರಿ, ಜಾಲಿಮುಳ್ಳಿನ ಬೇಲಿ ಕಟ್ಟಿ, ದಿನಾ ಬೆಳಿಗ್ಗೆ ತಾವೇ ಕೊಡದಲ್ಲಿ ನೀರು ಹೊತ್ತು ಹಾಕುತ್ತಾರೆ. ಎರಡೆಲೆ ಚಿಗುರಿದೆ. "ರೈಲೇ ಇಲ್ಲ, ನೆರಳು ಯಾರಿಗೆ ಸಾವ್ಕಾರ್ರೇ?" ಎಂದು ಮಿಲ್ಲಿನ ಜೋಗಪ್ಪ ನಕ್ಕಾಗ, ಅವರು ರೈಲು ಬರಬೇಕಾದ ಮೊಳಕಾಲ್ಮೂರಿನ ದಿಕ್ಕಿಗೆ ಒಮ್ಮೆ ನೋಡಿ ಹೇಳಿದರು: "ರೈಲು ಬಂದ ಮೇಲೆ ನೆಟ್ಟರೆ, ಇಳಿದೋರು ಬಿಸಿಲಾಗೆ ನಿಂತ್ಕಬೇಕೇನ್ಲೇ?"